ಚಳಿಗಾಲದ ಹಾಲು: ಖೇಡಾ ಒಕ್ಕೂಟದ ಜನರಲ್ ಮ್ಯಾನೇಜರ್ ಬಿಡಿಸಿದ ಗಂಟು, 1950–55

ಎಮ್ಮೆ ಯಾವಾಗ ಈಯಬೇಕು ಎಂದು ಯಾವ ಮ್ಯಾನೇಜರೂ ಆದೇಶ ಹೊರಡಿಸಲಾರ. ಹಗಲು ಕಿರಿದಾಗುತ್ತ ಹೋಗುವ ತಿಂಗಳುಗಳಲ್ಲಿ ಎಮ್ಮೆ ಹೆಚ್ಚಾಗಿ ಬೆದೆಗೆ ಬರುತ್ತದೆ, ಹತ್ತು ತಿಂಗಳು ಗರ್ಭ ಹೊತ್ತು ಮಳೆಗಾಲ ಮುಗಿಯುವ ಹೊತ್ತಿಗೆ ಕರು ಹಾಕುತ್ತದೆ. ಅಷ್ಟರಲ್ಲಿ ಬದುಗಳ ಮೇಲೆ ಹಸಿರು ಮೇವೂ ಎದ್ದಿರುತ್ತದೆ. ಹಾಗಾಗಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಬರುವ ಹಾಲು ಬೇಸಿಗೆಯ ಹಾಲಿನ ಎರಡು, ಎರಡೂವರೆ ಪಟ್ಟು. ಆ ಹಾಲನ್ನು ಕೊಳ್ಳುತ್ತಿದ್ದ ಮುಂಬೈ ನಗರ ಮಾತ್ರ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕುಡಿಯುತ್ತಿತ್ತು.

ಜನರಲ್ ಮ್ಯಾನೇಜರ್ ಹುದ್ದೆಗೆ ಬೇಕಾದ ಗುಣಗಳನ್ನು ಪಟ್ಟಿ ಮಾಡುವುದು ಸುಲಭ: ಹಣಕಾಸಿನ ತಿಳಿವಳಿಕೆ, ಜನರನ್ನು ನಡೆಸುವ ಕಲೆ, ಮಾತುಕತೆ, ಯೋಜನೆ. ಇವು ಒಂದೇ ಸಮಸ್ಯೆಯಲ್ಲಿ ಹೇಗೆ ಒಟ್ಟಿಗೆ ಕೆಲಸಕ್ಕೆ ಬರುತ್ತವೆ ಎಂದು ತೋರಿಸಲು ಖೇಡಾ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟದ ಆ ಐದು ವರ್ಷಗಳಿಗಿಂತ ಒಳ್ಳೆಯ ಪ್ರಕರಣ ಭಾರತದಲ್ಲಿ ಸಿಗುವುದು ಕಷ್ಟ. ಅಲ್ಲಿನ ಜನರಲ್ ಮ್ಯಾನೇಜರ್ ವರ್ಗೀಸ್ ಕುರಿಯನ್. ಮುಂದೆ ಅಮುಲ್ ಎಂದು ಮನೆಮಾತಾದ ಸಂಸ್ಥೆ ಇದೇ. ಇಲ್ಲಿ ಆ ಹೆಸರಿನ ಕೀರ್ತಿಯನ್ನು ಪಕ್ಕಕ್ಕಿಟ್ಟು ಚಳಿಗಾಲದ ಹೆಚ್ಚುವರಿ ಹಾಲನ್ನಷ್ಟೇ ನೋಡೋಣ.

ಹುದ್ದೆಗೆ ಬಂದಾಗ ಕೈಯಲ್ಲಿದ್ದದ್ದು

1945ರಲ್ಲಿ ಬಾಂಬೆ ಸರ್ಕಾರ ನಗರಕ್ಕೆ ಹಾಲು ಒದಗಿಸಲು ಬಾಂಬೆ ಮಿಲ್ಕ್ ಸ್ಕೀಮ್ ಶುರು ಮಾಡಿ, ಅಂದಿನ ಖೇಡಾ ಜಿಲ್ಲೆಯ ಆನಂದ್ ಪಟ್ಟಣದಿಂದ ಹಾಲು ತರಿಸುವ ಗುತ್ತಿಗೆಯನ್ನು ಖಾಸಗಿ ಡೇರಿ ಕಂಪನಿಯಾದ ಪಾಲ್ಸನ್‌ಗೆ ಕೊಟ್ಟಿತು. ರೈತನಿಗೆ ಸಿಗುವ ಬೆಲೆ ದಲ್ಲಾಳಿಯ ಮರ್ಜಿಗೆ ಬಿದ್ದಿತು. 1946ರ ಜನವರಿ 4ರಂದು ಸಮರ್ಖಾ ಗ್ರಾಮದಲ್ಲಿ ಮೊರಾರ್ಜಿ ದೇಸಾಯಿ ಅವರ ನೇತೃತ್ವದಲ್ಲಿ ಸಭೆ ಸೇರಿದ ರೈತರು, ತಮ್ಮದೇ ಸಂಘಗಳ ಮೂಲಕವಲ್ಲದೆ ಹಾಲು ಕೊಡುವುದಿಲ್ಲ ಎಂದು ತೀರ್ಮಾನಿಸಿದರು. ಹದಿನೈದು ದಿನ ಹಾಲು ನಿಂತಿತು, ಸರ್ಕಾರ ಒಪ್ಪಿತು. ಅದೇ ವರ್ಷ ಡಿಸೆಂಬರ್ 14ರಂದು ಒಕ್ಕೂಟ ನೋಂದಣಿಯಾಯಿತು. ಅಧ್ಯಕ್ಷರು ತ್ರಿಭುವನದಾಸ್ ಪಟೇಲ್. 1948ರ ಜೂನ್‌ನಲ್ಲಿ ಸಂಗ್ರಹ ಶುರುವಾದಾಗ ದಿನಕ್ಕೆ ಬರುತ್ತಿದ್ದದ್ದು 250 ಲೀಟರ್. ಆ ವರ್ಷದ ಕೊನೆಗೆ 432 ರೈತರು, ಸುಮಾರು 5,000 ಲೀಟರ್.

ಕುರಿಯನ್ 1949ರ ಮೇ 13ರಂದು ಆನಂದ್‌ಗೆ ಬಂದದ್ದು ಸರ್ಕಾರಿ ಕ್ರೀಮರಿಯ (ಹಾಲು ಸಂಸ್ಕರಣಾ ಘಟಕದ) ಎಂಜಿನಿಯರ್ ಆಗಿ, ವಿದ್ಯಾರ್ಥಿವೇತನದ ಬಾಂಡ್ ತೀರಿಸಲು. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಅಮೆರಿಕದ ಮಿಷಿಗನ್‌ಗೆ ಹೋಗುವ ಮುನ್ನ ಬೆಂಗಳೂರಿನ ಇಂಪೀರಿಯಲ್ ಡೇರಿ ಸಂಸ್ಥೆಯಲ್ಲಿ ಕೆಲವು ತಿಂಗಳು ತರಬೇತಿ ಪಡೆದಿದ್ದರು. ಒಕ್ಕೂಟದ ಹಳೆಯ ಯಂತ್ರಗಳು ಪದೇ ಪದೇ ಕೆಡುತ್ತಿದ್ದವು, ಮುಂಬೈಗೆ ಹೋದ ಹಾಲು ಹುಳಿಯಾಗಿ ವಾಪಸು ಬರುತ್ತಿತ್ತು. ರಿಪೇರಿ ಬಿಡಿ, ಸುಮಾರು 40,000 ರೂಪಾಯಿ ಹಾಕಿ ಹೊಸ ಪ್ಲೇಟ್ ಪಾಶ್ಚರೈಸರ್ ತನ್ನಿ ಎಂದು ಅವರು ತ್ರಿಭುವನದಾಸರಿಗೆ ಹೇಳಿದರು. ತ್ರಿಭುವನದಾಸ್ ಸಾಲ ಮಾಡಿ ತಂದರು. 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡ್ ಕಾಯಿಸಿ ತಕ್ಷಣ 4 ಡಿಗ್ರಿಗೆ ಇಳಿಸಿದ ಹಾಲು ರೈಲಿನಲ್ಲಿ ಸುಮಾರು 425 ಕಿಲೋಮೀಟರ್ ದೂರದ ಮುಂಬೈಗೆ ಕೆಡದೆ ತಲುಪಿತು. 1950ರಲ್ಲಿ ಕುರಿಯನ್ ಸರ್ಕಾರಿ ನೌಕರಿ ಬಿಟ್ಟು ಒಕ್ಕೂಟದ ಆಡಳಿತ ಹೊಣೆ ಹೊತ್ತರು. ಯಂತ್ರದ ತೊಂದರೆ ತೀರಿದ ಮೇಲೆ ದೊಡ್ಡ ತೊಂದರೆ ಕಾಣಿಸಿಕೊಂಡಿತು: ಹಾಲು ಚೆನ್ನಾಗಿ ತಲುಪುತ್ತದೆ, ಆದರೆ ಚಳಿಗಾಲದಲ್ಲಿ ಅಷ್ಟನ್ನೂ ಮುಂಬೈ ಕೊಳ್ಳುವುದಿಲ್ಲ.

ಕೈಲಿದ್ದ ದಾರಿಗಳು

ಮೊದಲ ದಾರಿ, ಚಳಿಗಾಲದಲ್ಲಿ ಸದಸ್ಯರಿಗೆ ಕೋಟಾ ಹಾಕುವುದು ಅಥವಾ ವಾರಕ್ಕೊಂದು ದಿನ ಸಂಗ್ರಹ ನಿಲ್ಲಿಸುವುದು. ಡೇರಿ ವಲಯದಲ್ಲಿ ಇದನ್ನು ಮಿಲ್ಕ್ ಹಾಲಿಡೇ ಎನ್ನುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಇದು ತಕ್ಷಣ ಖರ್ಚು ಉಳಿಸುತ್ತದೆ. ಹಳ್ಳಿಯಲ್ಲಿ ಆಗುವುದೇ ಬೇರೆ. ಸಂಘ ವಾಪಸು ಕಳಿಸಿದ ಹಾಲನ್ನು ರೈತ ಸಂಜೆಯೇ ವ್ಯಾಪಾರಿಗೆ ಹಾಕುತ್ತಾನೆ. ವ್ಯಾಪಾರಿ ಕಡಿಮೆ ಬೆಲೆ ಕೊಟ್ಟರೂ ಮುಂಗಡ ಕೊಡುತ್ತಾನೆ. ಆ ಮುಂಗಡ ಏಪ್ರಿಲ್, ಮೇ ತಿಂಗಳಲ್ಲಿ ರೈತನ ಕೈ ಕಟ್ಟುತ್ತದೆ. ಅಂದರೆ ಚಳಿಗಾಲದಲ್ಲಿ ಬೇಡವೆಂದ ಸಂಘಕ್ಕೆ ಬೇಸಿಗೆಯಲ್ಲಿ ಬೇಕೆಂದಾಗಲೂ ಹಾಲಿಲ್ಲ.

ಎರಡನೆಯದು ತುಪ್ಪ. ಖೇಡಾದಲ್ಲಿ ತುಪ್ಪ ಕಾಯಿಸುವುದು ಹಿಂದಿನಿಂದ ಇದ್ದ ಕೆಲಸ. ಆದರೆ ತುಪ್ಪ ಹಾಲಿನ ಕೊಬ್ಬಿಗೆ ಮಾತ್ರ ಬೆಲೆ ತರುತ್ತದೆ. ಕೆನೆ ತೆಗೆದ ಹಾಲಿನಲ್ಲಿರುವ ಪ್ರೋಟೀನು ಹೆಚ್ಚೆಂದರೆ ಅಗ್ಗದ ಕೇಸೀನ್ (ಹಾಲಿನ ಮುಖ್ಯ ಪ್ರೋಟೀನು) ಆಗುತ್ತದೆ, ಸಕ್ಕರೆ, ಖನಿಜ ಚರಂಡಿ ಸೇರುತ್ತವೆ.

ಮೂರನೆಯದು ಬೇರೆ ನಗರಗಳನ್ನು ಹುಡುಕುವುದು. ಆ ಕಾಲದಲ್ಲಿ ಶೈತ್ಯ ಸಾಗಣೆ, ಪಾಶ್ಚರೀಕರಿಸಿದ ಹಾಲಿಗೆ ಸಂಘಟಿತ ಮಾರಾಟ ವ್ಯವಸ್ಥೆ ಎರಡೂ ಇದ್ದ ದೊಡ್ಡ ಪೇಟೆ ಹತ್ತಿರದಲ್ಲಿ ಮತ್ತೊಂದಿರಲಿಲ್ಲ.

ನಾಲ್ಕನೆಯದು ಹೆಚ್ಚುವರಿ ಹಾಲನ್ನು ಬೆಣ್ಣೆ ಮತ್ತು ಹಾಲಿನ ಪುಡಿಯಾಗಿ ಮಾಡಿ ಇಟ್ಟುಕೊಳ್ಳುವುದು. ದುಬಾರಿ, ತಾಂತ್ರಿಕವಾಗಿ ಅನುಮಾನದ ದಾರಿ. ಒಕ್ಕೂಟ ಆರಿಸಿದ್ದು ಇದನ್ನೇ.

ಈ ಆಯ್ಕೆಯ ಹಿಂದಿರುವ ತರ್ಕವೇ ಈ ಪ್ರಕರಣದ ಜೀವಾಳ ಎಂಬುದು ನಮ್ಮ ಅಭಿಪ್ರಾಯ. ಸಾಮಾನ್ಯ ಕಾರ್ಖಾನೆಯ ಮ್ಯಾನೇಜರ್ ಮಾರಾಟದಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾನೆ: ಎಷ್ಟು ಮಾರಬಲ್ಲೆ, ಅದಕ್ಕೆ ಎಷ್ಟು ಕಚ್ಚಾ ಮಾಲು ಬೇಕು. ಇಲ್ಲಿ ಕಚ್ಚಾ ಮಾಲು ತರುವವನೇ ಮಾಲೀಕ. ಸದಸ್ಯ ತಂದ ಒಳ್ಳೆಯ ಹಾಲನ್ನು ಯಾವ ದಿನವೂ ತಿರಸ್ಕರಿಸುವುದಿಲ್ಲ ಎಂಬುದನ್ನು ಅಲುಗಾಡದ ಷರತ್ತಾಗಿ ಇಟ್ಟುಕೊಂಡರೆ ಉಳಿದದ್ದೆಲ್ಲ, ಅಂದರೆ ಕಾರ್ಖಾನೆಯ ಗಾತ್ರ, ಉತ್ಪನ್ನ, ಸಾಲ, ಪೇಟೆ, ಅದಕ್ಕೆ ತಕ್ಕಂತೆ ಬದಲಾಗಬೇಕು. ಯಾವುದನ್ನು ಬದಲಿಸಬಾರದು ಎಂದು ಮೊದಲು ತೀರ್ಮಾನಿಸಿ, ಆಮೇಲೆ ಉಳಿದವನ್ನು ಬದಲಿಸಲು ಹೊರಡುವ ಈ ಕ್ರಮ ಜನರಲ್ ಮ್ಯಾನೇಜರನದೇ ಕೆಲಸ. ಖರೀದಿ ವಿಭಾಗಕ್ಕೋ ಮಾರಾಟ ವಿಭಾಗಕ್ಕೋ ಬಿಟ್ಟರೆ ಇಬ್ಬರೂ ತಮ್ಮ ಮೂಲೆಯಿಂದ ಸರಿಯಾದ, ಒಟ್ಟಿನಲ್ಲಿ ತಪ್ಪಾದ ಉತ್ತರ ಕೊಡುತ್ತಾರೆ.

ಸಾವಿರ ಕೆಜಿ ಹಾಲಿನ ಲೆಕ್ಕ

ಎಮ್ಮೆ ಹಾಲಿನಲ್ಲಿ ಸುಮಾರು 7 ಶೇಕಡಾ ಕೊಬ್ಬು, 9 ಶೇಕಡಾ ಕೊಬ್ಬೇತರ ಘನಾಂಶ ಎಂದು ಹಿಡಿಯೋಣ. 1,000 ಕೆಜಿ ಹಾಲನ್ನು ಸೆಪರೇಟರಿಗೆ ಹಾಕಿ 40 ಶೇಕಡಾ ಕೊಬ್ಬಿನ ಕೆನೆ ತೆಗೆದರೆ ಸುಮಾರು 174 ಕೆಜಿ ಕೆನೆ, 826 ಕೆಜಿ ಕೆನೆರಹಿತ ಹಾಲು. ಕೆನೆಯನ್ನು ಕಡೆದರೆ, ಮಜ್ಜಿಗೆಯಲ್ಲಿ ಹೋಗುವ ನಷ್ಟ ಕಳೆದು, ಸುಮಾರು 85 ಕೆಜಿ ಬೆಣ್ಣೆ. ಕೆನೆರಹಿತ ಹಾಲಿನಿಂದ ಸುಮಾರು 740 ಕೆಜಿ ನೀರು ಆವಿಯಾಗಿ ಹೋಗಿ 83 ಕೆಜಿ ಪುಡಿ ಉಳಿಯುತ್ತದೆ. ಒಂದು ದಿನದಲ್ಲಿ ಹುಳಿಯಾಗುವ ಒಂದು ಟನ್ ಸರಕು, ತಿಂಗಳುಗಟ್ಟಲೆ ಇಡಬಹುದಾದ 168 ಕೆಜಿ ಸರಕಾಯಿತು.

ಮ್ಯಾನೇಜರನ ತಲೆನೋವು ಇಲ್ಲಿಂದಲೇ ಶುರು. ಉದಾಹರಣೆಗೆ ದಿನಕ್ಕೆ 10,000 ಕೆಜಿ ಹೆಚ್ಚುವರಿ ಹಾಲು 100 ದಿನ ಬಂತೆನ್ನಿ. ಋತು ಮುಗಿಯುವಾಗ ಗೋದಾಮಿನಲ್ಲಿ 83 ಟನ್ ಪುಡಿ, ಅಂದರೆ 25 ಕೆಜಿಯ 3,320 ಚೀಲ, ಮತ್ತು ಶೀತಲ ಕೋಣೆಯಲ್ಲಿ 85 ಟನ್ ಬೆಣ್ಣೆ ಇರುತ್ತದೆ. ಆ ಹತ್ತು ಲಕ್ಷ ಕೆಜಿ ಹಾಲಿಗೆ ಹಣ ಆಗಲೇ ಸಂದಾಯವಾಗಿದೆ. ಆನಂದ್ ಪದ್ಧತಿಯಲ್ಲಿ ಬೆಳಗಿನ ಹಾಲಿನ ಹಣ ಸಂಜೆ, ಸಂಜೆಯ ಹಾಲಿನ ಹಣ ಮರುದಿನ ಬೆಳಿಗ್ಗೆ ಸಿಗುತ್ತಿತ್ತು. ಸರಕು ಬೇಸಿಗೆಯಲ್ಲಿ ಕರಗುತ್ತದೆ, ದುಡ್ಡು ಚಳಿಗಾಲದಲ್ಲೇ ಹೋಗಿರುತ್ತದೆ. ಲಾಭದಲ್ಲಿರುವ ಡೇರಿಯೂ ಫೆಬ್ರವರಿಯಲ್ಲಿ ನಗದು ಇಲ್ಲದೆ ತತ್ತರಿಸುವುದು ಇದರಿಂದ. ಆದ್ದರಿಂದ ಪುಡಿ ಯಂತ್ರದ ಬೆಲೆಯ ಜೊತೆಗೆ ಮೂರು ನಾಲ್ಕು ತಿಂಗಳ ದುಡಿಯುವ ಬಂಡವಾಳವನ್ನೂ ಯೋಜನೆಯ ಖರ್ಚಿನಲ್ಲೇ ಸೇರಿಸಬೇಕು. ಬಿಟ್ಟರೆ ಯಂತ್ರ ಓಡುತ್ತಿರುವಾಗಲೇ ರೈತನ ಪಾವತಿ ತಡವಾಗುತ್ತದೆ, ಮೊದಲಿನ ಷರತ್ತು ಹಿಂಬಾಗಿಲಿನಿಂದ ಮುರಿಯುತ್ತದೆ.

ಕೊಳ್ಳುವವನಿಗೆ ಬೇಕಾದದ್ದು ಏನು?

ಈ ಪ್ರಕರಣದ ಅತಿ ಸ್ವಾರಸ್ಯದ ಅಂಶ ಮುಂಬೈನಲ್ಲಿತ್ತು. ಮಿಲ್ಕ್ ಸ್ಕೀಮಿನ ದಾರಾ ಖುರೋಡಿ ಟೋನ್ಡ್ ಹಾಲನ್ನು ಬಳಕೆಗೆ ತಂದವರು: ಕೊಬ್ಬು ಹೆಚ್ಚಿರುವ ಎಮ್ಮೆ ಹಾಲಿಗೆ ಕೆನೆರಹಿತ ಪುಡಿ ಮತ್ತು ನೀರು ಸೇರಿಸಿ ಕೊಬ್ಬನ್ನು 3 ಶೇಕಡಾಕ್ಕೆ ಇಳಿಸುವ ಕ್ರಮ. ಹಾಲು ಹಿಗ್ಗುತ್ತದೆ, ಬೆಲೆ ತಗ್ಗುತ್ತದೆ, ಬಡವರಿಗೂ ಎಟಕುತ್ತದೆ. ಅದಕ್ಕೆ ಬೇಕಾದ ಪುಡಿ ವಿದೇಶದಿಂದ ಬರುತ್ತಿತ್ತು. ಅಂದರೆ ಖೇಡಾದ ಚಳಿಗಾಲದ ಹಾಲನ್ನು ಬೇಡವೆನ್ನುತ್ತಿದ್ದ ಗ್ರಾಹಕ, ಅದೇ ಹಾಲಿನಿಂದ ಮಾಡಬಹುದಾದ ಪುಡಿಯನ್ನು ಹಡಗಿನಲ್ಲಿ ತರಿಸುತ್ತಿದ್ದ. ಗ್ರಾಹಕ ಬೇಡವೆಂದಾಗ ಬೆಲೆ ಇಳಿಸಲು ಓಡುವ ಬದಲು, ಅವನು ಬೇರೆಡೆಯಿಂದ ಏನು ಕೊಳ್ಳುತ್ತಿದ್ದಾನೆ ಎಂದು ನೋಡುವುದು ಮಾತುಕತೆಯ ಮೊದಲ ಪಾಠ.

ಹಾಗೆಂದು ಖುರೋಡಿಯವರನ್ನು ಖಳನಾಯಕನಂತೆ ಬಿಡಿಸುವುದು ಅನ್ಯಾಯ. ನಗರಕ್ಕೆ ಅಗ್ಗದ ಹಾಲು ಕೊಡುವುದು ಅವರ ಹೊಣೆ, ಆಮದು ಪುಡಿ ಅಗ್ಗವಾಗಿತ್ತು. ಇಬ್ಬರ ಹೊಣೆಗಳು ಒಂದಕ್ಕೊಂದು ಅಡ್ಡ ಬಂದವು. 1963ರ ಮ್ಯಾಗ್ಸೆಸೆ ಪ್ರಶಸ್ತಿಯನ್ನು ಖುರೋಡಿ, ತ್ರಿಭುವನದಾಸ್, ಕುರಿಯನ್ ಮೂವರೂ ಹಂಚಿಕೊಂಡರು.

ಎಮ್ಮೆ ಹಾಲು ಪುಡಿಯಾಗುವುದಿಲ್ಲ ಎಂಬ ಮಾತು

ಅಂದು ಡೇರಿ ತಂತ್ರಜ್ಞಾನ ಬೆಳೆದದ್ದೆಲ್ಲ ಹಸು ಹಾಲಿನ ದೇಶಗಳಲ್ಲಿ. ಎಮ್ಮೆ ಹಾಲನ್ನು ಸ್ಪ್ರೇ ಡ್ರೈಯರಿನಲ್ಲಿ (ಹಾಲನ್ನು ಬಿಸಿಗಾಳಿಗೆ ಸಿಂಪಡಿಸಿ ಪುಡಿ ಮಾಡುವ ಯಂತ್ರದಲ್ಲಿ) ಒಣಗಿಸಲು ಆಗದು ಎಂದು ವಿದೇಶಿ ತಜ್ಞರು ಹೇಳುತ್ತಿದ್ದರು. ಅದು ಆಧಾರವಿಲ್ಲದ ಮಾತೇನಲ್ಲ. ಎಮ್ಮೆ ಹಾಲಿನಲ್ಲಿ ಕೇಸೀನ್ ಮತ್ತು ಕ್ಯಾಲ್ಸಿಯಂ ಹೆಚ್ಚು. ನಿರ್ವಾತ ಆವಿಯಂತ್ರದಲ್ಲಿ ಘನಾಂಶ 40 ಶೇಕಡಾ ದಾಟುತ್ತಿದ್ದಂತೆ ಅದು ಬೇಗ ಗಟ್ಟಿಯಾಗುತ್ತದೆ, ಕೊಳವೆಗೆ ಕಚ್ಚಿಕೊಳ್ಳುತ್ತದೆ. ಹಾಲಿನ ಆಮ್ಲೀಯತೆ ಸ್ವಲ್ಪ ಏರಿದ್ದರಂತೂ ಕಾಯಿಸುವಾಗಲೇ ಒಡೆಯುತ್ತದೆ.

ಒಕ್ಕೂಟದ ಡೇರಿ ತಂತ್ರಜ್ಞ ಎಚ್. ಎಂ. ದಲಾಯಾ ಇದನ್ನು ವಾದದಿಂದ ಗೆಲ್ಲಲು ಹೋಗಲಿಲ್ಲ. ಬಣ್ಣ ಸಿಂಪಡಿಸುವ ಗನ್ನು, ಗಾಳಿ ಕಾಯಿಸುವ ಹೀಟರು ಜೋಡಿಸಿ, ಎಮ್ಮೆ ಹಾಲನ್ನು ಬಿಸಿಗಾಳಿಗೆ ಸಿಂಪಡಿಸಿ ಪುಡಿ ಉದುರಿಸಿ ತೋರಿಸಿದರು. ನಿರೋ ಅಟಮೈಸರ್ ಕಂಪನಿಯ ಯಂತ್ರವನ್ನು ಲಾರ್ಸೆನ್ ಅಂಡ್ ಟೂಬ್ರೊ ಮೂಲಕ ತರಿಸುವ ಹಾದಿ ತೆರೆಯಿತು. ಜನರಲ್ ಮ್ಯಾನೇಜರನ ಪಾತ್ರ ಇಲ್ಲಿ ಗಮನಿಸಬೇಕು. ಒಣಗಿಸುವ ವಿಜ್ಞಾನ ಕುರಿಯನ್ ಅವರಿಗಿಂತ ದಲಾಯಾ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ತಿಳಿವಳಿಕೆಯನ್ನು ನಂಬಿ ಸಂಸ್ಥೆಯ ಹಣ, ಹೆಸರು ಎರಡನ್ನೂ ಅದರ ಹಿಂದೆ ನಿಲ್ಲಿಸುವುದು ಕುರಿಯನ್ ಕೆಲಸವಾಗಿತ್ತು. ಕೋಟಿಗಟ್ಟಲೆ ತೂಗುವ ನಿರ್ಧಾರಕ್ಕೆ ಮುನ್ನ, ಅದನ್ನು ಸುಳ್ಳಾಗಿಸಬಲ್ಲ ಅತ್ಯಂತ ಅಗ್ಗದ ಪ್ರಯೋಗ ಯಾವುದು ಎಂದು ಕೇಳುವ ಅಭ್ಯಾಸ ಇಂದಿನ ಮ್ಯಾನೇಜರರಿಗೂ ಬೇಕು.

ಹಣ, ಗಡುವು

ಯುನಿಸೆಫ್ ಸುಮಾರು 8 ಲಕ್ಷ ರೂಪಾಯಿಯ ಪುಡಿ ಯಂತ್ರೋಪಕರಣ ಕೊಡಲು ಒಪ್ಪಿತು. ಷರತ್ತು: ಅದರ ಒಂದೂವರೆ ಪಟ್ಟು ಬೆಲೆಯ ಹಾಲನ್ನು ಜಿಲ್ಲೆಯ ಅಪೌಷ್ಟಿಕ ಮಕ್ಕಳಿಗೆ ಉಚಿತವಾಗಿ ಹಂಚಬೇಕು. ಕಾಮನ್‌ವೆಲ್ತ್ ದೇಶಗಳ ನೆರವಿನ ವ್ಯವಸ್ಥೆಯಾದ ಕೊಲಂಬೊ ಯೋಜನೆಯಡಿ ನ್ಯೂಜಿಲೆಂಡ್ ನೆರವಾಯಿತು. ಯುನಿಸೆಫ್ ಷರತ್ತು ಮೇಲ್ನೋಟಕ್ಕೆ ಭಾರವಾಗಿ ಕಂಡರೂ ಒಕ್ಕೂಟಕ್ಕೆ ಹೊಂದುವಂಥದ್ದು. ಈ ಋಣವನ್ನು ತೀರಿಸಬೇಕಾದದ್ದು ನಗದಿನಲ್ಲಲ್ಲ, ಒಕ್ಕೂಟದ ಬಳಿ ಹೆಚ್ಚಾಗಿ ಇದ್ದ ಸರಕಿನಲ್ಲಿ.

1954ರ ನವೆಂಬರ್ 15ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅಡಿಗಲ್ಲು ಹಾಕಿದರು. 1955ರ ಅಕ್ಟೋಬರ್ 31ರಂದು, ಸರ್ದಾರ್ ಪಟೇಲರ ಜನ್ಮದಿನದಂದು, ಪ್ರಧಾನಿ ನೆಹರೂ ಕಾರ್ಖಾನೆ ಉದ್ಘಾಟಿಸಿದರು. ನಡುವೆ ಒಂದು ವರ್ಷವೂ ಇಲ್ಲ. ಗಣ್ಯರ ದಿನಾಂಕ ನಿಗದಿಯಾಗಿದ್ದರಿಂದ ಕೆಲಸ ಓಡಿತು ಎಂದು ಹೇಳುವುದುಂಟು, ಅದರಲ್ಲಿ ಸತ್ಯವೂ ಇದೆ. ಇನ್ನೊಂದು ಗಡುವು ಎಮ್ಮೆಗಳದ್ದು. ಹಾಲಿನ ಹೊನಲು ನವೆಂಬರಿನಲ್ಲಿ ಏರುತ್ತದೆ. ಜನವರಿಗೆ ಮುಗಿಯುವ ಪುಡಿ ಕಾರ್ಖಾನೆ ಎರಡು ತಿಂಗಳಷ್ಟೇ ತಡವಾದಂತೆ ಕಂಡರೂ ಆ ವರ್ಷದ ಋತುವಿನ ಅರ್ಧವನ್ನೇ ಕಳೆದುಕೊಳ್ಳುತ್ತದೆ, ಬಡ್ಡಿ ಮಾತ್ರ ಪೂರ್ತಿ ವರ್ಷದ್ದು ಬೀಳುತ್ತದೆ. ಋತುಮಾನದ ಉದ್ಯಮದಲ್ಲಿ, ಸಕ್ಕರೆ ಕಾರ್ಖಾನೆಯಾಗಲಿ ಕಾಫಿ ಕ್ಯೂರಿಂಗ್ ಆಗಲಿ, ಗಡುವನ್ನು ಕಚ್ಚಾ ಮಾಲಿನ ಪಂಚಾಂಗದಿಂದ ಹಿಂದಕ್ಕೆ ಎಣಿಸಬೇಕು: ಪ್ರಾಯೋಗಿಕ ಓಟಕ್ಕೆ ಮೂರು ವಾರ, ಬಾಯ್ಲರ್ ತಪಾಸಣೆ, ಅದಕ್ಕೂ ಮುನ್ನ ನೀರು, ಉಗಿ, ತಣ್ಣೀರಿನ ಸಾಲುಗಳು. ಯಂತ್ರ ಬಂದಿದೆ, ಉಗಿ ಬಂದಿಲ್ಲ ಎಂಬುದು ಡೇರಿ ಕಾಮಗಾರಿಗಳಲ್ಲಿ ಪದೇ ಪದೇ ಕೇಳಿಬರುವ ಮಾತು.

ಓಡಲು ಶುರುವಾದ ಮೇಲೆ ಕೆಡುವುದು ಎಲ್ಲಿ

ಪುಡಿಯ ಗುಣಮಟ್ಟ ತೀರ್ಮಾನವಾಗುವುದು ಡ್ರೈಯರಿನಲ್ಲಿ ಎಂದು ಹೊಸಬರು ಭಾವಿಸುತ್ತಾರೆ. ಅರ್ಧ ತೀರ್ಮಾನ ಹಳ್ಳಿಯ ಸಂಘದಲ್ಲೇ ಆಗಿರುತ್ತದೆ. ಕೊಬ್ಬಿಗೆ ಬೆಲೆ ಕೊಡುವ ಪದ್ಧತಿ ನಿಂತಿರುವುದು ಕೊಬ್ಬಿನ ಪ್ರಮಾಣ ಅಳೆಯುವ ಗರ್ಬರ್ ಪರೀಕ್ಷೆಯ ಮೇಲೆ: ಬ್ಯುಟಿರೋಮೀಟರ್ ಎಂಬ ಅಳತೆಗೆರೆಯ ಗಾಜಿನ ಕೊಳವೆಗೆ 10 ಮಿಲೀ ಗಂಧಕಾಮ್ಲ, 10.75 ಮಿಲೀ ಹಾಲು, 1 ಮಿಲೀ ಅಮೈಲ್ ಆಲ್ಕೋಹಾಲ್ ಹಾಕಿ, ಸೆಂಟ್ರಿಫ್ಯೂಜಿನಲ್ಲಿ ನಾಲ್ಕೈದು ನಿಮಿಷ ತಿರುಗಿಸಿ, 65 ಡಿಗ್ರಿ ನೀರಿನಲ್ಲಿಟ್ಟು ಅಳತೆ ಓದುವುದು. ಆಮ್ಲದ ಸಾಂದ್ರತೆ ತಪ್ಪಿದರೆ ಕೊಬ್ಬಿನ ಕಂಬ ಕಪ್ಪಾಗುತ್ತದೆ ಅಥವಾ ಮೊಸರಿನಂತೆ ಮಬ್ಬಾಗುತ್ತದೆ, ಓದುವುದು ತಪ್ಪುತ್ತದೆ, ರೈತನಿಗೆ ಮೋಸವಾಗುತ್ತದೆ. ಹಾಲು ಹಾಕಿದವನ ಕಣ್ಣೆದುರೇ ಈ ಪರೀಕ್ಷೆ ನಡೆಯಬೇಕು ಎಂಬ ನಿಯಮದ ಬೆಲೆ ಅಪಾರ. ನಂಬಿಕೆ ಇದ್ದಲ್ಲಿ ನೀರು ಬೆರೆಸುವುದು ತಾನಾಗಿ ಕಡಿಮೆಯಾಗುತ್ತದೆ, ನೀರು ಕಡಿಮೆಯಾದರೆ ಆವಿ ಮಾಡುವ ಖರ್ಚೂ ಇಳಿಯುತ್ತದೆ.

ಕಾರ್ಖಾನೆಯೊಳಗೆ ಒಳಹೋಗುವ ಗಾಳಿ 180ರಿಂದ 200 ಡಿಗ್ರಿ, ಹೊರಬರುವ ಗಾಳಿ 80ರಿಂದ 95 ಡಿಗ್ರಿಯೊಳಗೆ ಇರಬೇಕು. ಹೊರಬರುವ ಗಾಳಿ ತೀರಾ ತಂಪಾದರೆ ಪುಡಿಯಲ್ಲಿ ತೇವ 4 ಶೇಕಡಾ ದಾಟಿ ಗಂಟುಕಟ್ಟುತ್ತದೆ, ತೀರಾ ಬಿಸಿಯಾದರೆ ಸುಟ್ಟ ಕಣಗಳು ಕಂದು ಚುಕ್ಕೆಗಳಾಗಿ ಕಾಣುತ್ತವೆ, ನೀರಿನಲ್ಲಿ ಕರಗುವುದೂ ತಗ್ಗುತ್ತದೆ. ಗೋಡೆಗೆ ಅಂಟಿದ ಪುಡಿಯನ್ನು ಹಾಗೇ ಬಿಟ್ಟರೆ ಬೆಂಕಿಯ ಅಪಾಯ. ಜನರಲ್ ಮ್ಯಾನೇಜರ್ ಇವನ್ನೆಲ್ಲ ತಾನೇ ತಿರುಗಿಸಿ ಸರಿಮಾಡಬೇಕಿಲ್ಲ. ದಿನದ ವರದಿಯಲ್ಲಿ ಬಂದ ಘನಾಂಶಕ್ಕೂ ಹೊರಬಿದ್ದ ಘನಾಂಶಕ್ಕೂ ತಾಳೆ ನೋಡಿದರೆ ಸಾಕು. ನಷ್ಟ ಇದ್ದಕ್ಕಿದ್ದಂತೆ ಏರಿದ್ದರೆ ಸೆಪರೇಟರೋ, ಚಿಮಣಿಯಿಂದ ಹಾರುವ ಪುಡಿಯೋ, ಚರಂಡಿಯೋ, ಮೂರರಲ್ಲೊಂದು ಕಾರಣ ಎಂದು ಅದು ಹೇಳುತ್ತದೆ.

ಬೆಣ್ಣೆಯ ಕಡೆ ಬೇರೆಯೇ ಪಾಠ ಸಿಕ್ಕಿತು. ಪಾಲ್ಸನ್ ಬೆಣ್ಣೆ ಹಳೆಯ, ಹುಳಿಯೇರಿದ ಕೆನೆಯಿಂದ ಮಾಡಿದ್ದು, ಉಪ್ಪು ಹೆಚ್ಚು. ಜನರ ನಾಲಗೆ ಅದಕ್ಕೇ ಒಗ್ಗಿತ್ತು. ಒಕ್ಕೂಟದ ತಾಜಾ ಕೆನೆಯ ಬೆಣ್ಣೆ ಗುಣದಲ್ಲಿ ಮೇಲಿದ್ದರೂ ಸಪ್ಪೆ ಎನಿಸಿತು. ಎಮ್ಮೆ ಬೆಣ್ಣೆ ಬಿಳಿ ಬೇರೆ, ಹಳದಿ ಬೆಣ್ಣೆ ನೋಡಿದ ಕಣ್ಣಿಗೆ ಅದು ಹಿಡಿಸಲಿಲ್ಲ. ಉಪ್ಪು, ಬಣ್ಣ ಸೇರಿಸಿ ಒಕ್ಕೂಟ ಪೇಟೆಗೆ ಹೊಂದಿಕೊಂಡಿತು. ನಮ್ಮದೇ ಶುದ್ಧ ಎಂದು ಹಠ ಹಿಡಿದಿದ್ದರೆ 85 ಟನ್ನಿನ ಉದಾಹರಣೆಯ ಶೀತಲ ಕೋಣೆ ಮುಂದಿನ ಚಳಿಗಾಲಕ್ಕೂ ಖಾಲಿಯಾಗುತ್ತಿರಲಿಲ್ಲ.

ಹೊಣೆ ಹಂಚಿಕೆ

ಚುನಾಯಿತ ಅಧ್ಯಕ್ಷ ಮತ್ತು ನೇಮಕಗೊಂಡ ಜನರಲ್ ಮ್ಯಾನೇಜರ್ ನಡುವಿನ ಗೆರೆ ಸಹಕಾರ ಸಂಸ್ಥೆಗಳಲ್ಲಿ ಹೆಚ್ಚು ಕುಸಿಯುವ ಜಾಗ. ಖೇಡಾದಲ್ಲಿ ಅದು ಕುಸಿಯದೆ ನಿಂತಿತು. ಹಳ್ಳಿ, ಸದಸ್ಯರು, ರಾಜಕೀಯ ತ್ರಿಭುವನದಾಸರದ್ದು. ಆಡಳಿತ, ಖರೀದಿ ಒಪ್ಪಂದ, ದೆಹಲಿ ಮತ್ತು ಮುಂಬೈಯೊಡನೆ ಮಾತುಕತೆ ಕುರಿಯನ್‌ರದ್ದು. ಯಂತ್ರ ಮತ್ತು ಪ್ರಕ್ರಿಯೆ ದಲಾಯಾ ಅವರದ್ದು. ಅಧ್ಯಕ್ಷರು ನೇಮಕಾತಿಗೆ ಕೈ ಹಾಕಿದರೆ ಮ್ಯಾನೇಜರನ ಮಾತು ಕಾರ್ಖಾನೆಯಲ್ಲಿ ನಡೆಯುವುದಿಲ್ಲ. ಮ್ಯಾನೇಜರ್ ಹಳ್ಳಿ ರಾಜಕೀಯಕ್ಕೆ ಇಳಿದರೆ ಹಾಲಿನ ಬೆಲೆಯೂ ರಾಜಕೀಯವಾಗುತ್ತದೆ. ಇಂದು ಜಿಲ್ಲಾ ಹಾಲು ಒಕ್ಕೂಟದ ಆಡಳಿತ ಹೊಣೆಗೆ ಹೊಸದಾಗಿ ಬರುವವರು ಮೊದಲ ತಿಂಗಳಲ್ಲೇ ಈ ಗೆರೆಯನ್ನು ಬರಹದಲ್ಲಿ ಮಾಡಿಕೊಳ್ಳುವುದು ಕ್ಷೇಮ: ಎಷ್ಟು ಮೊತ್ತದವರೆಗೆ ಖರೀದಿ ಅಧಿಕಾರ, ನೇಮಕಾತಿ ಯಾರದು, ಹಾಲಿನ ದರ ಬದಲಿಸುವ ಪ್ರಸ್ತಾವ ಯಾರಿಂದ ಹೊರಡಬೇಕು.

ಕರ್ನಾಟಕಕ್ಕೆ ಸಂಬಂಧಿಸಿದ ಎಳೆಗಳು

ಪುಡಿ ಸಾಧ್ಯವಾದ ಮೇಲೆ ಮುಂದಿನ ಪ್ರಶ್ನೆ ಮಗುವಿನ ಆಹಾರದ್ದು. ಎಮ್ಮೆ ಹಾಲಿನ ಗಟ್ಟಿ ಗರಣೆ ಶಿಶುವಿಗೆ ಜೀರ್ಣವಾಗದು. ಅದನ್ನು ಮೃದುಗೊಳಿಸಿ ಶಿಶು ಆಹಾರ ತಯಾರಿಸುವ ವಿಧಾನ ರೂಪುಗೊಂಡದ್ದು ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ). ಆನಂದ್‌ನಲ್ಲಿ ಅದರ ವಾಣಿಜ್ಯ ತಯಾರಿಕೆ ನಡೆಯಿತು. 1965ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹುಟ್ಟಿ ಆನಂದ್ ಮಾದರಿ ಹೊರಗೆ ಹರಡಿತು. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಹೈನು ಯೋಜನೆ ಶುರುವಾಗಿ, ಮುಂದೆ ಕೆಎಂಎಫ್ ರೂಪ ತಳೆಯಿತು. ನಮ್ಮಲ್ಲಿ ಮಿಶ್ರತಳಿ ಹಸುಗಳೇ ಹೆಚ್ಚಿದ್ದರೂ ಮಳೆಯ ನಂತರದ ಏರಿಕೆ ತಪ್ಪಿಲ್ಲ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯ ಶಾಲಾಮಕ್ಕಳಿಗೆ 150 ಮಿಲೀ ಹಾಲು ಕೊಡುವುದು ಪುಡಿಯಿಂದಲೇ. ಯುನಿಸೆಫ್ ಷರತ್ತಿನ ಹಾಗೆ ಇಲ್ಲಿಯೂ ಮಕ್ಕಳ ಪೋಷಣೆ ಮತ್ತು ಹೆಚ್ಚುವರಿ ಹಾಲಿನ ವಿಲೇವಾರಿ ಒಂದೇ ಲೋಟದಲ್ಲಿ ಸೇರುತ್ತವೆ.

ಬಗೆಹರಿಯದೆ ಉಳಿದದ್ದು

1955ರ ಕಾರ್ಖಾನೆ ಚಳಿಗಾಲದ ಹಾಲಿಗೆ ದಾರಿ ಮಾಡಿತು, ಬೇಸಿಗೆಯ ಕೊರತೆಗೆ ಅಲ್ಲ. ಏಪ್ರಿಲ್‌ನಿಂದ ಜುಲೈವರೆಗೆ ಡ್ರೈಯರ್ ಬಹುಪಾಲು ಸುಮ್ಮನಿರುತ್ತದೆ, ಅದರ ಸವಕಳಿ ಮತ್ತು ಬಡ್ಡಿ ಚಳಿಗಾಲದ ಪ್ರತಿ ಕೆಜಿ ಪುಡಿಯ ಮೇಲೆ ಬೀಳುತ್ತದೆ. ಇನ್ನೂ ದೊಡ್ಡ ಡ್ರೈಯರ್ ತಂದರೆ ಈ ಹೊರೆ ಹೆಚ್ಚುತ್ತದೆ. ಬೇಸಿಗೆಯಲ್ಲೂ ಎಮ್ಮೆ ಹಾಲು ಕೊಡುವಂತೆ ಮಾಡಬೇಕಿತ್ತು, ಅದಕ್ಕೆ ಮೇವು ಒಣಗಿದ ತಿಂಗಳುಗಳಲ್ಲಿ ಹಿಂಡಿ ಬೇಕು. ಕಂಜರಿಯಲ್ಲಿ ಒಕ್ಕೂಟ ಕಟ್ಟಿದ ಸಮತೋಲಿತ ಪಶು ಆಹಾರ ಕಾರ್ಖಾನೆಯನ್ನು 1964ರ ಅಕ್ಟೋಬರ್ 31ರಂದು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಉದ್ಘಾಟಿಸಿದರು. ಜೊತೆಗೆ ಪಶುವೈದ್ಯರ ಓಡಾಟ, ಕೃತಕ ಗರ್ಭಧಾರಣೆ ಹಳ್ಳಿ ಹಳ್ಳಿಗೆ ಹಬ್ಬಿದವು. ಹೀಗೆ ಒಕ್ಕೂಟದ ಜನರಲ್ ಮ್ಯಾನೇಜರನ ಮೇಜಿನ ಮೇಲೆ, ಹಾಲಿನ ಪುಡಿಯ ದಾಸ್ತಾನು ವರದಿಯ ಪಕ್ಕದಲ್ಲಿ, ಹಿಂಡಿಯ ಚೀಲಗಳ ಲೆಕ್ಕವೂ ಬಂದು ಕೂತಿತು.